ಹನ್ನೊಂದು ದೂರುಗಳು

"ಆ ಅಸೈನ್‌ಮೆಂಟ್ ಕೊಟ್ಟವನು ನಾನೇ." ಇಷ್ಟೇ ವಾಕ್ಯ. ಚಾಮಯ್ಯನವರು ಬೆಳಗಿನಿಂದ ಇದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಲ, ಕನ್ನಡದಲ್ಲಿ ಎರಡು ಸಲ ಹೇಳಿ ನೋಡಿಕೊಂಡಿದ್ದರು. ಈಗ ವಿದ್ಯಾರ್ಥಿ ವಿಭಾಗದ ಕಚೇರಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏಳನೆಯ ಸಲ ತುಟಿ ಆಡಿಸುತ್ತಿದ್ದರು. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. 

ಮೈಸೂರಿನ ಚಾಮಯ್ಯನವರು ಪರದೇಶದ ನಿಲಾಯ್ ಊರಿನ ಬುಕಿತ್ ಅಂಬರ್ ಕಾಲೇಜಿಗೆ ಬಂದು ಹದಿಮೂರು ವರ್ಷ. ಇಲ್ಲಿ ಎರಡು ವರ್ಷ ಓದಿ ಅಮೆರಿಕದ ಡಿಗ್ರಿಗೆ ಹೋಗುವ ಮಕ್ಕಳಿಗೆ ಆ ದೇಶದ ರಾಜಕೀಯ ದಾಖಲೆ, ಭಾಷಣಗಳನ್ನು ಪಾಠ ಮಾಡುವುದು ಅವರ ಕೆಲಸ. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ನಿಂತು ಲಿಂಕನ್ ಆಡಿದ ನಾಲ್ಕು ಮಾತು. ಸ್ವತಃ ಅಮೆರಿಕ ಕಂಡವರಲ್ಲ ಪಾಪ. ಆದರೆ ಪಾಠಕ್ಕೆ ನಿಂತರೆಂದರೆ, ಫಿಲಡೆಲ್ಫಿಯಾದಲ್ಲಿ ಘೋಷಣೆಗೆ ಸಹಿ ಬೀಳುವಾಗ ತಾವೂ ಮೂಲೆಯಲ್ಲೊಂದು ಸ್ಟೂಲ್ ಹಾಕಿಕೊಂಡು ಕೂತಿದ್ದವರ ಹಾಗೆ ಮಾತಾಡುತ್ತಿದ್ದರು.

ತಮ್ಮ ಊರಿನ ಮೇಷ್ಟ್ರು ಕಾಪಿ ಬರೆಸುತ್ತಿದ್ದ ಹಾಗೆ ಅವರು ಇಡೀ ಘೋಷಣೆಯನ್ನು ಮಕ್ಕಳ ಕೈಯಲ್ಲೇ ಬರೆಸುತ್ತಿದ್ದರು. ಲ್ಯಾಪ್‌ಟಾಪ್ ಮುಟ್ಟುವ ಹಾಗಿಲ್ಲ. ಆಮೇಲೆ ಅಸೈನ್‌ಮೆಂಟು, ಅದೂ ಬಾಯಿ ಮಾತಿನಲ್ಲೇ: ಘೋಷಣೆಯಲ್ಲಿ ದೊರೆಯ ಮೇಲೆ ಇಪ್ಪತ್ತೇಳು ದೂರುಗಳಿವೆ, ನಿಮ್ಮ ದೊರೆ ಯಾರು, ಅವನ ಮೇಲೆ ನಿಮ್ಮ ದೂರೇನು, ಅದೇ ಧಾಟಿಯಲ್ಲಿ ಬರೆದು ಸಹಿ ಹಾಕಿ. ದೊರೆ ಎಂದರೆ ಕಿರೀಟ ಇಟ್ಟವರಲ್ಲ, ನಿಮ್ಮ ಮೇಲೆ ಜಬರದಸ್ತು ಮಾಡುವವರು ಯಾರೋ ಅವರು ಎಂದು ಮೊದಲೇ ಹೇಳಿಬಿಡುತ್ತಿದ್ದರು. ಈಗಲೂ ದೊರೆಯಿರುವ ಈ ದೇಶದಲ್ಲಿದ್ದುಕೊಂಡು ಅಷ್ಟು ಜಾಣತನ ಬೇಡವೇ? ಮಕ್ಕಳೂ ಜಾಣರೇ. ಕೋಣೆಯ ಗೆಳೆಯನ ಗೊರಕೆಯ ಮೇಲೆ, ಟ್ಯೂಷನ್ ಟ್ಯೂಷನ್ ಎನ್ನುವ ಅಮ್ಮನ ಮೇಲೆ, ಗೇಟಿನ ಮುಂದಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ದಿನೇದಿನೇ ಚಿಕ್ಕದಾಗುತ್ತಿದ್ದ ರೊಟ್ಟಿಯ ಮೇಲೆ ಬರೆದು ಕೊಡುತ್ತಿದ್ದರು. ಚಾಮಯ್ಯನವರು ನಕ್ಕು ಮಾರ್ಕ್ಸ್ ಹಾಕುತ್ತಿದ್ದರು.

ಈ ಸಲ ವಾರಿಜಾ ಇದ್ದಳು. ಧಾರವಾಡದ ಹುಡುಗಿ. ಅವಳ ಅಪ್ಪನದು ಕೋರ್ಟಿನ ಎದುರು ಟೈಪಿಂಗ್ ಅಂಗಡಿ. ಜನರ ಅರ್ಜಿ, ತಕರಾರುಗಳನ್ನು ಟೈಪು ಮಾಡುತ್ತಲೇ ಬೆಳೆದವಳಿಗೆ ದೂರು ಎಂದರೆ ತಮಾಷೆಯಲ್ಲ. ಅದಕ್ಕೆ ತಾರೀಖು ಬೇಕು, ಸಾಕ್ಷಿ ಬೇಕು. ಅವಳು ಕಾಲೇಜಿನ ಮೇಲೆಯೇ ಹನ್ನೊಂದು ದೂರು ಬರೆದಳು. ಹಾಸ್ಟೆಲಿನಲ್ಲಿ ನೀರು ಬಾರದ ದಿನಗಳು, ಕೆಟ್ಟುನಿಂತ ಲಿಫ್ಟು, ಎಲ್ಲಕ್ಕೂ ತಾರೀಖಿತ್ತು. ಏಳನೆಯದು ಹೀಗಿತ್ತು: ಸ್ಟೂಡೆಂಟ್ ಪಾಸ್ ನವೀಕರಣಕ್ಕೆಂದು ಪಡೆದ ಪಾಸ್‌ಪೋರ್ಟನ್ನು ಕಚೇರಿ ನಾಲ್ಕು ತಿಂಗಳು ಇಟ್ಟುಕೊಂಡದ್ದರಿಂದ, ನನ್ನ ಪಕ್ಕದ ಕೋಣೆಯವಳಿಗೆ ಸತ್ತ ತಾಯಿಯ ಮುಖ ನೋಡಲು ಊರಿಗೆ ಹೋಗಲಾಗಲಿಲ್ಲ.

ಅದನ್ನು ಚಾಮಯ್ಯನವರು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ಓದಿದ್ದಷ್ಟೇ ಆಗಿದ್ದರೆ ಸರಿ. ಉಬ್ಬಿಹೋಗಿದ್ದರಲ್ಲ, ಒಂದು ಮಾತು ಸೇರಿಸಿದರು: "ದೂರನ್ನು ಜೇಬಿನಲ್ಲಿಟ್ಟುಕೊಂಡರೆ ಅದು ಬರೀ ಚೀಟಿ. ಫಿಲಡೆಲ್ಫಿಯಾದವರು ಅದನ್ನು ಬೀದಿಯಲ್ಲಿ ನಿಂತು ಓದಿದರು." ಮರುದಿನ ಬೆಳಿಗ್ಗೆ ಆ ಹಾಳೆ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿತ್ತು. ಸಂಜೆಯ ಹೊತ್ತಿಗೆ ಅದರ ಕೆಳಗೆ ನಲವತ್ತಮೂರು ಸಹಿಗಳಿದ್ದವು.

ಸ್ಟೂಡೆಂಟ್ ಪಾಸ್, ಅಂದರೆ ಓದುವ ವೀಸಾದ ಮೇಲಿರುವ ಹೊರದೇಶದ ಮಕ್ಕಳು ಕಾಲೇಜಿನ ವಿರುದ್ಧ ಸಹಿ ಸಂಗ್ರಹಿಸಿದರೆ ಪಾಸು ರದ್ದು, ಇದು ಕಾಲೇಜಿನ ನಿಯಮ. ಅದು ಪಾಠದ ಭಾಗವೆಂದಾದರೆ ಹುಡುಗಿ ಬಚಾವು. ಪಾಠ ಮಾಡಿದವರ ಗತಿ ಬೇರೆ. ಅದನ್ನು ಕೇಳಲೆಂದೇ ಕಚೇರಿ ಈ ಬುಧವಾರ ಮೂರಕ್ಕೆ ಅವರನ್ನು ಕರೆಸಿತ್ತು. ಚಾಮಯ್ಯನವರ ಹೆಂಡತಿ ರತ್ನ ಹಿಂದಿನ ದಿನ ಮಗನ ಸಮವಸ್ತ್ರ ಇಸ್ತ್ರಿ ಮಾಡುತ್ತ ತಲೆ ಎತ್ತದೆ ಹೇಳಿದ್ದರು: "ಮಹಿತ್‌ನ ಬೋರ್ಡ್ ಎಕ್ಸಾಮಿಗೆ ಇನ್ನು ಆರೇ ವಾರ ಇದೆ ರೀ. ನಿಮ್ಮ ಕೆಲಸದ ಪಾಸ್ ಹೋದ್ರೆ ನಮ್ಮಿಬ್ಬರದ್ದೂ ಹೋಯ್ತು. ನಾನೇನೂ ಹೇಳಲ್ಲ. ನೀವೇ ಯೋಚ್ನೆ ಮಾಡಿ."

"ಆ ಹುಡುಗಿ ಭಾನುವಾರ ಭಾನುವಾರ ನಮ್ಮನೇಲಿ ಊಟ ಮಾಡಿದ್ದಾಳೆ, ರತ್ನ. ನಾನು ಹೇಳೇ ಹೇಳ್ತೀನಿ," ಎಂದಿದ್ದರು ಚಾಮಯ್ಯನವರು. ಹಾಗೆ ಹೇಳಿದ ಮೇಲೆ ಮನಸ್ಸು ಹಗುರಾಗಿ ರಾತ್ರಿ ಚೆನ್ನಾಗಿ ನಿದ್ದೆಯೂ ಬಂದಿತ್ತು.

ಬಾಗಿಲು ತೆರೆಯಿತು. ವಿದ್ಯಾರ್ಥಿ ವಿಭಾಗದ ಮ್ಯಾನೇಜರ್ ವಿನ್‌ಸ್ಟನ್ ಮಂಗಳೂರಿನವನು, ಒಳ್ಳೆಯ ಮನುಷ್ಯ. ಕುರ್ಚಿ ತೋರಿಸಿ, ಬಾಗಿಲು ಹಾಕಿ, ಕನ್ನಡಕ್ಕೆ ಇಳಿದ.

"ನೀವು ಹೆದರ್ಬೇಡಿ ಮಾರಾಯ್ರೆ. ಆ ಹುಡುಗಿ ನಿನ್ನೆಯೇ ಬರ್ದು ಕೊಟ್ಟಿದ್ದಾಳೆ. ಕ್ಲಾಸಿಗೂ ಇದಕ್ಕೂ ಸಂಬಂಧವೇ ಇಲ್ವಂತೆ. ಎಲ್ಲಾ ಅವಳದ್ದೇ ತಲೆಯಂತೆ. ನೀವು ಹೌದು ಅಂತ ಒಂದು ಸಹಿ ಹಾಕಿದ್ರೆ ಮುಗೀತು."

ಚಾಮಯ್ಯನವರು ಹಾಳೆ ನೋಡಿದರು. ಒಂದು, ಎರಡು, ಮೂರು ಎಂದು ನಂಬರು ಹಾಕಿ ನೀಟಾಗಿ ಟೈಪು ಮಾಡಿದ್ದಳು. ಮೂರನೆಯದರಲ್ಲಿ, ಇದಕ್ಕೆ ಯಾವ ಅಧ್ಯಾಪಕರ ಪ್ರೇರಣೆಯೂ ಇಲ್ಲ ಎಂದಿತ್ತು. 

"ಅವಳಿಗೆ ಏನಾಗುತ್ತೆ?"

"ಪಾಸ್ ಕ್ಯಾನ್ಸಲ್. ಹತ್ತು ದಿನದೊಳಗೆ ಹೋಗ್ಬೇಕು."

"ಅದು ಕ್ಲಾಸ್ ವರ್ಕ್ ಅಂತ ಆಗಿದ್ರೆ?"

ವಿನ್‌ಸ್ಟನ್ ಪೆನ್ನು ಕೆಳಗಿಟ್ಟ. "ಆಗಿದ್ರೆ ಅವಳು ಉಳೀತಿದ್ಲು. ನಿಮ್ಮ ಕಾಂಟ್ರಾಕ್ಟ್ ಮುಂದುವರಿಸುವ ಫೈಲೂ ಇದೇ ಮೇಜಿನಲ್ಲಿ ಉಂಟು, ಅದಕ್ಕೆ ಸಹಿ ಬೀಳ್ತಿರ್ಲಿಲ್ಲ. ನಾನೂ ಪಾಸಿನ ಮೇಲೇ ಇರುವವ, ನನ್ಗೆ ಅರ್ಥ ಆಗ್ತದೆ." ನೇರವಾಗಿ ಮುಖ ನೋಡಿ ಕೇಳಿದ: "ಹಾಗೆ ಆಗಿತ್ತಾ ಸರ್?"

ಇದಕ್ಕಿಂತ ಸುಲಭವಾಗಿ ಯಾರು ಕೇಳುತ್ತಾರೆ? ಏಳು ಸಲ ಗಟ್ಟಿ ಮಾಡಿದ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಚಾಮಯ್ಯನವರಿಗೆ ಮಗ ಮಹಿತ್ ಸಮವಸ್ತ್ರದಲ್ಲಿ ಮನೆ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿರುವುದು ಕಂಡಿತು. ಸಾಮಾನು ಕಟ್ಟಿದ ರಟ್ಟಿನ ಡಬ್ಬಗಳು ಕಂಡವು. ಐವತ್ತಾರನೆಯ ವಯಸ್ಸಿನಲ್ಲಿ ಮೈಸೂರಿನಲ್ಲಿ ತಮಗೆ ಯಾರು ಕೆಲಸ ಕೊಡುತ್ತಾರೆ ಎನಿಸಿತು.

"ಇಲ್ಲ," ಎಂದರು.

ಸಹಿ ಎಂದಿನಂತೆ ನೀಟಾಗಿ ಬಿತ್ತು. ಅದಕ್ಕೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾಲ್ಕು ಗಂಟೆಗೆ ಕ್ಲಾಸಿತ್ತು. ಎದ್ದು ಹೋಗಿ ಲಿಂಕನ್‌ನ ಭಾಷಣವನ್ನು ಪೂರ್ತಿ ಪಾಠ ಮಾಡಿ ಮುಗಿಸಿದರು. ವಾರಿಜಾ ಕೂರುತ್ತಿದ್ದ ಮೂರನೆಯ ಬೆಂಚಿನ ಕಿಟಕಿ ಬದಿ ಖಾಲಿಯಿತ್ತು.

ಮುಂದಿನ ಶನಿವಾರ ಮಧ್ಯಾಹ್ನ ವಾರಿಜಾಳ ವಿಮಾನ. ತಾವೇ ಬಿಟ್ಟುಬರುವುದಾಗಿ ಹಟ ಹಿಡಿದು ಚಾಮಯ್ಯನವರು ಕಾರು ತಂದರು. ರತ್ನ ಪುಳಿಯೋಗರೆ ಕಟ್ಟಿಕೊಟ್ಟಿದ್ದರು; ತಾವು ಬರಲಿಲ್ಲ. ಹೆದ್ದಾರಿಯ ಎರಡೂ ಕಡೆ ತಾಳೆ ತೋಟ ಸಾಲಾಗಿ ಹಿಂದೆ ಸರಿಯುತ್ತಿತ್ತು. ಹುಡುಗಿ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಯಾಕಮ್ಮ ಹಾಗೆ ಬರ್ಕೊಟ್ಟೆ?" ಕೊನೆಗೂ ಕೇಳಿದರು. "ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ ಸರ್. ನಿಮ್ಮನ್ನ ಬುಧವಾರಕ್ಕ ಕರದಾರ ಅಂತ ಗೊತ್ತಾತು. ನೀವು ಹೋಗಿ ಖರೇ ಹೇಳಿಬಿಡ್ತೀರಿ ಅಂತ ನನಗ ಖಾತ್ರಿ ಇತ್ರಿ. ಅದಕ್ಕ ಹಿಂದಿನ ದಿನಾನ ಬರದು ಕೊಟ್ಟೆ. ಮಹಿತ್‌ನ ಪರೀಕ್ಷಾ ಐತಲ್ರಿ." ಅವಳು ಇತ್ತ ತಿರುಗಿದಳು. "ನೀವು ಹೇಳಿರ್ತೀರಿ ಬಿಡ್ರಿ. ಅವ್ರು ಕೇಳಿರಂಗಿಲ್ಲ. ಹೌದಲ್ರಿ ಸರ್?"

ಮುಂದೆ ವಿಮಾನ ನಿಲ್ದಾಣದ ಟೋಲು. ಚಾಮಯ್ಯನವರು ಕಾರ್ಡು ಮುಟ್ಟಿಸಿದರು. ಅಡ್ಡಪಟ್ಟಿ ಮೇಲೆದ್ದಿತು.

"ಹೂಂ," ಎಂದರು.

"ನನಗ ಗೊತ್ತಿತ್ರಿ," ಎಂದಳು ವಾರಿಜಾ. ಆಮೇಲೆ ದಾರಿಯುದ್ದಕ್ಕೂ ಅಪ್ಪನ ಅಂಗಡಿಯ ಮಾತಾಡಿದಳು. ಅಲ್ಲಿ ಈಗ ಹೊಸ ಪ್ರಿಂಟರ್ ಬಂದಿದೆಯಂತೆ, ಅಪ್ಪನಿಗೆ ಅದು ಬಗ್ಗುವುದಿಲ್ಲವಂತೆ, ಸೋಮವಾರದಿಂದ ತಾನೇ ಕೂರುತ್ತಾಳಂತೆ. ಅಮೆರಿಕದ ಸುದ್ದಿ ಎತ್ತಲಿಲ್ಲ.

ಪ್ರಯಾಣಿಕರನ್ನು ಇಳಿಸುವ ಜಾಗದಲ್ಲಿ ಅವರು ಎರಡು ಸೂಟ್‌ಕೇಸುಗಳನ್ನು ಟ್ರಾಲಿಗೆ ಏರಿಸಿಕೊಟ್ಟರು. ಹುಡುಗಿ ದುಪಟ್ಟಾ ಹೆಗಲಿಗೆ ಸರಿಯಾಗಿ ಹಾಕಿಕೊಂಡು, ಅಷ್ಟು ಜನರ ನಡುವೆ ಬಗ್ಗಿ ಅವರ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಚಾಮಯ್ಯನವರ ಬಲಗೈ ತಾನಾಗಿ ಅವಳ ತಲೆಯ ಕಡೆಗೆ ಹೋಯಿತು. ಕೂದಲಿಗೆ ಇನ್ನೊಂದು ಬೆರಳಿನಷ್ಟು ಇರುವಾಗ ನಿಂತಿತು. ಅವಳು ಎದ್ದು, ಟ್ರಾಲಿ ತಳ್ಳಿಕೊಂಡು ಗಾಜಿನ ಬಾಗಿಲು ದಾಟಿ ಹೋದ ಮೇಲೂ ಆ ಕೈ ಹಾಗೇ ಇತ್ತು.