ಪಟ್ಟಿ ಮೇಲಿನ ಕರಿ ಗೀಟು

“ಹೊಡೀರಿ ಭಾವಾ. ನನ್ನ ಕೈ ಮ್ಯಾಲೇ ಹೊಡೀರಿ ಮೊಳಿ.”

ಪೆಟ್ಟಿಗೆಯ ಮುಚ್ಚಳದ ಮೂಲೆಯಲ್ಲಿ, ಮೊಳೆ ಇಳಿಯಬೇಕಾದ ಜಾಗಕ್ಕೇ ನವೊಮಿ ಅಂಗೈ ಊರಿದ್ದಳು. ಅವಳ ಗಂಡನ ಅಣ್ಣ ಕ್ರಿಸ್ಟೋಫರ ಮಾಸ್ತರರು ಎತ್ತಿದ ಸುತ್ತಿಗೆಯನ್ನು ಇಳಿಸಲಾರದೆ, ಹೊಡೆಯಲಾರದೆ ನಿಂತಿದ್ದರು. ಮಾಸ್ಕು ಗದ್ದಕ್ಕೆ ಜಾರಿತ್ತು; ಹಲ್ಲಿನ ನಡುವೆ ಮೂರು ಮೊಳೆ.

ಪೆಟ್ಟಿಗೆಯೊಳಗೆ ಅವಳ ಗಂಡ ಪಾಲ ಮಲಗಿದ್ದ. ಬೀದರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ ಆಗಿದ್ದವನು ನಿನ್ನೆ ಮಧ್ಯಾಹ್ನ ದವಾಖಾನೆಯಲ್ಲಿ ತೀರಿಕೊಂಡು, ಇವತ್ತು ಆದಿತ್ಯವಾರ ಮುಂಜಾನೆ ಆಂಬುಲೆನ್ಸಿನಲ್ಲಿ ತನ್ನೂರು ಮೆಹಕರಕ್ಕೆ ಬಂದಿದ್ದ. ಅವನ ತಲೆಯ ಕಡೆ ನವೊಮಿ, ಕಾಲಿನ ಕಡೆ ಅವನ ಲ್ಯಾಬಿನ ಜತೆಗಾರ ಲಾಲ ಅಹ್ಮದ ಕೂತು ಬಂದಿದ್ದರು.

ಗಾಡಿ ಓಡಿಸಿದ ಫಿರೋಜ ಕೆಟ್ಟವನೇನಲ್ಲ. ಪೆಟ್ಟಿಗೆ ಇಳಿಸುವಾಗ, “ಸ್ವಲ್ಪ ದೂರ ಇರ್ರಿ, ಇನ್ಫೆಕ್ಷನ್ ಕೇಸ್ ಅದ,” ಅಂದು, ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟ. ಆ ಒಂದು ಮಾತು ಸಾಕಾಯಿತು. ಮಣ್ಣಿಗೆ ಬಂದವರು ಅಂಗಳದಿಂದ ಓಣಿಗೆ, ಓಣಿಯಿಂದ ಗಿಡದ ಬುಡಕ್ಕೆ ಸರಿದರು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಯಾರೋ ಪೆಟ್ಟಿಗೆಯ ಸುತ್ತ ಸುಣ್ಣದ ಪುಡಿ ಚೆಲ್ಲಿ ಗೆರೆ ಎಳೆದರು.

ಮಾಸ್ತರರು ಮೊಳೆ ಅಂಗೈಗೆ ಉಗುಳಿಕೊಂಡರು. “ತಂಗೀ, ನಾ ಏನು ವೈರಿ ಏನಮ್ಮಾ? ಎರಡನೇ ಅಲೆಯ ಕೊರೊನಾದಾಗ ನಾವು ಸತ್ತವರ ಮುಖ ನೋಡ್ತೇವಿ ಅಂತ ಹಟ ಮಾಡಿದ್ವಿ. ಔರಾದದಾಗ ನನ್ನ ಒಂದೇ ಮನ್ಯಾಗಿಂದ ಮೂರು ಪೆಟ್ಟಿಗಿ ಎತ್ತೀನಿ. ಮತ್ತೊಮ್ಮೆ ಎತ್ತೂ ತಾಕತ್ತು ನನಗಿಲ್ಲ.”

“ಮುಖ ತೋರಿಸಲಾರದೆ ಮಣ್ಣಾಗ ಇಡಾಕ ಇವರೇನು ಕಳವು ಮಾಡ್ಯಾರ್ರಿ?” ಎಂದಳು ನವೊಮಿ.

ಗಿಡದ ಬುಡದಲ್ಲಿದ್ದ ಮುದುಕ ಫಕ್ರೋದ್ದೀನ, ಪಾಲನ ನೆರೆಮನೆಯವನು, ಪಕ್ಕದವನ ಕಿವಿಯಲ್ಲಿ ಕೇಳಿದ: “ಇಂವ ಮೀಡಿಯಾದಾಗ ಇದ್ದ ಅಂತಿದ್ರಲ್ಲೋ. ಟಿವಿಯವ್ರು ಒಬ್ರೂ ಬಂದಿಲ್ಲಲ್ಲ?”

ಮಾಸ್ತರರ ಕಣ್ಣು ಮಂದಿಯ ಮೇಲೆಲ್ಲ ಹಾದು ಗೋಡೆಗೆ ಆತು ನಿಂತಿದ್ದ ಲಾಲ ಅಹ್ಮದನ ಮೇಲೆ ನಿಂತಿತು.

“ಲಾಲಭಾಯಿ, ನೀವು ಅವನ ಜೋಡಿ ಅದೇ ಕೆಲಸ ಮಾಡಿದವ್ರು. ನೀವೇ ಹೇಳ್ರಿ. ಈ ರೋಗದ ಹುಳ ಹಾರ್ತಾವೋ ಇಲ್ಲೋ?”

ಹಾರುವುದಿಲ್ಲ. ಅದು ಲಾಲ ಅಹ್ಮದನಿಗೆ ಗೊತ್ತಿತ್ತು. ಆದರೆ ಹಾರುವುದಿಲ್ಲ ಅಂದರೆ ಮುಂದಿನ ಪ್ರಶ್ನೆ, ಮತ್ತೆ ಪಾಲನ ಮೈಗೆ ಹೊಕ್ಕದ್ದು ಹ್ಯಾಂಗ ಎಂದೇ ಬರಬೇಕು. ಅದರ ಉತ್ತರ ಗೊತ್ತಿದ್ದವನು ಈ ಭೂಮಿಯ ಮೇಲೆ ಅವನೊಬ್ಬನೇ.

“ಪಾಸ್ಟರ ಸಾಹೇಬ್ರು ಆರಾಧನಿ ಮುಗಿಸಿ ಬರಲಿ,” ಅಂದ ಮೆಲ್ಲಗೆ. “ಆಮ್ಯಾಲ ನೋಡೂಣ್ರಿ.”

* * *

ಪಾಲ ಮಾಡುತ್ತಿದ್ದದ್ದು ಬೇರೆ ಮೀಡಿಯಾ. ಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಹುಳಗಳಿಗೆ ಉಣ್ಣಲು ಹಾಕುವ ಅಂಬಲಿಗೆ ಲ್ಯಾಬಿನಲ್ಲಿ ಆ ಹೆಸರು. ಪುಡಿಯನ್ನು ನೀರಿಗೆ ಕಲಸಿ, ಗಾಜಿನ ಬುದ್ದಲಿಯಲ್ಲಿ ಹಾಕಿ, ಬಾಯಿಗೆ ಹತ್ತಿ ತುರುಕಿ, ದೊಡ್ಡ ಕುಕ್ಕರಿನಲ್ಲಿ ಹದಿನೈದು ಪೌಂಡು ಒತ್ತಡದ ಹಬೆಗೆ ಇಡುವುದು. ಇಳಿಸಿದ ಮೇಲೆ ಯಾವಾಗ ಸುರಿಯಬೇಕೆಂಬುದಕ್ಕೆ ಪಾಲ ಯಾವ ಮೀಟರನ್ನೂ ನೋಡಿದವನಲ್ಲ. ಬುದ್ದಲಿ ಎತ್ತಿ ಗಲ್ಲಕ್ಕೆ ಒತ್ತುತ್ತಿದ್ದ. ಗಲ್ಲ ತಾಳಿತೆಂದರೆ ಹದ ಬಂತು. ಬತ್ತಿಯ ಉರಿಯ ಪಕ್ಕದಲ್ಲಿ ಗಾಜಿನ ತಟ್ಟೆಗಳ ಮುಚ್ಚಳ ಸ್ವಲ್ಪವೇ ಎತ್ತಿ, ಒಂದು ಹನಿ ಚೆಲ್ಲದೆ ಸುರಿಯುತ್ತಿದ್ದ. ಮೊಸರಿನಂತೆ ಹೆಪ್ಪುಗಟ್ಟುತ್ತಿತ್ತು.

ಪಾಲ ಕಲಿತದ್ದು ಏಳನೇ ಇಯತ್ತೆ. ಬಾಟಲಿ ತೊಳೆಯುವ ಲಾಲ ಅಹ್ಮದನದ್ದು ಉರ್ದುವಿನಲ್ಲಿ ಮೂರು. ಆದರೂ ಪ್ರತಿ ವರ್ಷ ಓದಲು ಹೊಸ ಹುಡುಗಿಯರು ಬಂದಾಗ ಮೊದಲ ಪಾಠ ಪಾಲನದೇ. ಹೊಸ ತಟ್ಟೆಯ ಮೇಲೆ ಬೆರಳು ಒತ್ತಿಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟು, ಎರಡು ದಿನ ಬಿಟ್ಟು ತೆಗೆದು ತೋರಿಸುತ್ತಿದ್ದ. ಬೆರಳು ಊರಿದ ಕಡೆಯೆಲ್ಲ ಬಿಳಿ, ಹಳದಿ ಚುಕ್ಕೆ. ಹುಡುಗಿಯರು ಚೀರುತ್ತಿದ್ದರು.

“ನಿಮ್ಮ ಕೈ ಏನು ಕೈ ತಿಳಕೊಂಡೀರಿ? ಹೊಲ ಅದ ಹೊಲ. ಬೆಳಿ ನೋಡ್ರಿ ಹ್ಯಾಂಗ ಬಂದದ!”

ಒಮ್ಮೆ ಲ್ಯಾಬಿನ ಮುಖ್ಯಸ್ಥೆ ಮಲ್ಲೇಶ್ವರಿ ಮೇಡಮ್ಮು ಉಳ್ಳಾಗಡ್ಡಿ ಅರೆದು, ಉಪ್ಪು, ಪಾತ್ರೆ ತೊಳೆಯುವ ಸಾಬೂನಿನ ನೀರು ಹಾಕಿ ಸೋಸಿ, ಮೇಲೆ ತಣ್ಣಗಿನ ಸ್ಪಿರಿಟು ಬಿಟ್ಟರು. ನೀರೂ ಸ್ಪಿರಿಟೂ ಕೂಡುವಲ್ಲಿ ಬಿಳಿ ಎಳೆ ಎದ್ದವು. ಪಾಲ ಅದನ್ನು ಗಾಜಿನ ಕಡ್ಡಿಗೆ ಸುತ್ತಿ ಬಿಸಿಲಿಗೆ ಹಿಡಿದಿದ್ದ. “ಲಾಲಭಾಯಿ, ಇದೇ ಡಿಎನ್ಎ ಅಂತ. ಉಳ್ಳಾಗಡ್ಡಿ ಉಳ್ಳಾಗಡ್ಡಿನೇ ಯಾಕ, ಬಳ್ಳೊಳ್ಳಿ ಯಾಕಲ್ಲ, ಅದೆಲ್ಲ ಇದರಾಗ ಬರದದಂತ. ನಮ್ಮಿಬ್ರಿಗೂ ನೆಟ್ಟಗ ಬರೀಲಾಕ ಬರಂಗಿಲ್ಲ, ನೋಡ್ರಿ ಉಳ್ಳಾಗಡ್ಡಿಗಿ ಬರ್ತದ!”

ಮೂರು ದಿನ ಅದೇ ಮಾತು ಹೇಳಿ ಹೇಳಿ ನಕ್ಕಿದ್ದ.

* * *

ಕೆಲಸ ಮುಗಿದ ತಟ್ಟೆಗಳನ್ನು ಹಾಗೇ ತೊಳೆಯುವಂತಿಲ್ಲ. ಅದರಲ್ಲಿ ಹುಳ ಬೆಳೆದಿರುತ್ತವೆ. ಸ್ಟೀಲಿನ ಡಬ್ಬಿಗೆ ತುಂಬಿ, ಡಬ್ಬಿಗೊಂದು ಕಾಗದದ ಪಟ್ಟಿ ಅಂಟಿಸಿ, ಕುಕ್ಕರಿನಲ್ಲಿ ಕುದಿಸಬೇಕು. ಹಬೆ ತಾಕಿತೆಂದರೆ ಪಟ್ಟಿಯ ಮೇಲೆ ಕರಿ ಗೀಟು ಮೂಡುತ್ತವೆ. ಓದು ಬಾರದವರಿಗೆ ಅದಕ್ಕಿಂತ ಒಳ್ಳೆಯ ಅಕ್ಷರ ಇಲ್ಲ. ಗೀಟು ಮೂಡಿದರೆ ಸತ್ತಾವ. ಮೂಡದಿದ್ದರೆ ಇನ್ನೂ ಜೀವ ಅದ. ಡಬ್ಬಿ ಖಾಲಿ ಆದ ಕೂಡಲೇ ಹಳೆ ಪಟ್ಟಿ ಕಿತ್ತು ಒಗೆಯಬೇಕು. ಅದು ಲಾಲ ಅಹ್ಮದನ ಕೆಲಸ.

ಹೋದ ವಾರದ ಹಿಂದಿನ ವಾರ ಒಂದು ಡಬ್ಬಿಯ ಪಟ್ಟಿ ಕೀಳುವುದನ್ನು ಅವನು ಮರೆತ. ಅದೇ ಡಬ್ಬಿಗೆ ಹುಡುಗಿಯರು ಹುಳ ಬೆಳೆದ ಬೇರೆ ತಟ್ಟೆ ತುಂಬಿ ಇಟ್ಟು ಹೋದರು. ಆ ಶುಕ್ರವಾರ ಜುಮ್ಮಾ ನಮಾಜಿಗೆ ಹೊತ್ತಾಗಿತ್ತು. ಲಾಲ ಅಹ್ಮದ ಡಬ್ಬಿಯ ಮೇಲೆ ಕಣ್ಣಾಡಿಸಿದ. ಕರಿ ಗೀಟು ಇತ್ತು.

“ಪಾಲ, ಇವು ಸತ್ತಾವ. ನಾ ಬರೂತನಾ ನಾಕು ತೊಳೀತಿ ಏನಪಾ?”

“ನಡೀರಿ ನಡೀರಿ. ನನ್ನ ಹೆಸರೀಲೆ ಒಂದು ದುವಾ ಮಾಡ್ರಿ.”

ತಿರುಗಿ ಬಂದಾಗ ಪಾಲ ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಮೇಲಿನ ತಟ್ಟೆಯೇ ಸೀಳಿತ್ತಂತೆ. ಹಿಡಿದ ಕೂಡಲೇ ಕೈಯಲ್ಲಿ ಮುರಿಯಿತಂತೆ. “ಇಷ್ಟೇ ಗಾಯ. ಉಳಿದದ್ದು ನೀವೇ ತೊಳೀರಿ ಮಾರಾಯ್ರ,” ಅಂದು ಚಹಾ ಕುಡಿಯಲು ಹೋದ.

ಲಾಲ ಅಹ್ಮದ ಎರಡನೇ ತಟ್ಟೆ ತೆಗೆದ. ಕುದಿಸಿದ ತಟ್ಟೆಯಲ್ಲಿ ಮೀಡಿಯಾ ಕರಗಿ, ಒಂದು ಬದಿಗೆ ಹರಿದು ಅಂಕುಡೊಂಕಾಗಿ ನಿಂತಿರುತ್ತದೆ. ಇದು ಸಪಾಟಾಗಿ, ಸುರಿದಾಗ ಹೇಗಿತ್ತೋ ಹಾಗೇ ಇತ್ತು. ಅದರ ಮೇಲೆ ಬಂಗಾರದ ಬಣ್ಣದ ಗುಂಡು ಗುಂಡು ಚುಕ್ಕೆ, ಹೊಳೆಯುತ್ತಾ.

ಬೆಳೆ ಬಂದಿತ್ತು.

ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಕೈಗವಸು ಹಾಕಿಕೊಂಡು ಚೂರು, ತಟ್ಟೆ ಎಲ್ಲ ಬಾಚಿ ಡಬ್ಬಿಗೆ ತುಂಬಿದ. ಹಳೆ ಪಟ್ಟಿ ಕಿತ್ತ. ಹೊಸದು ಅಂಟಿಸಿ ಕುಕ್ಕರಿಗೆ ಇಟ್ಟ. ಹಬೆ ಬಿಟ್ಟು ಗೀಟು ಕಪ್ಪಾಗುವ ತನಕ ಎದುರಿಗೇ ನಿಂತಿದ್ದ. ಚಹಾ ಕುಡಿದು ಬಂದ ಪಾಲನಿಗೆ, ದವಾಖಾನೆಗೆ ಹೋಗಿ ಗಾಯ ತೋರಿಸು ಎಂದು ಹೇಳಲು ಬಾಯಿ ತೆರೆದದ್ದೂ ನಿಜ. ಯಾಕೆ ಎಂದು ಕೇಳಿದರೆ? ಅರವತ್ತಮೂರು ವಯಸ್ಸಿನ ತನ್ನನ್ನು ಕಾಲೇಜಿನವರು ದಯೆಯಿಂದ ಇಟ್ಟುಕೊಂಡಿದ್ದರು. ಗಾಯ ಇಷ್ಟೇ ಅದ, ಪಾಲನ ಮೈ ಗಟ್ಟಿ ಅದ, ನಾಳೆ ಹೇಳಿದರಾಯಿತು ಅಂದುಕೊಂಡ.

ನಾಳೆ ಹೇಳಲಿಲ್ಲ. ಆದಿತ್ಯವಾರ ಪಾಲನಿಗೆ ಜ್ವರ ಬಂತು. ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದ. ಮಂಗಳವಾರ ತೋಳು ಮೊಣಕೈ ತನಕ ಕೆಂಪಾಗಿ ಬಾತು ದವಾಖಾನೆಗೆ ಸೇರಿಸಿದರು. ರಕ್ತದಲ್ಲಿ ನಂಜು ಏರಿದೆ ಅಂದರು.

ಗುರುವಾರ ನವೊಮಿ ಒಂದು ಕಾಗದ ಹಿಡಿದುಕೊಂಡು ಬಂದಳು. “ಭಾಯಿ, ಇವರ ರಕ್ತದಾಗ ಏನು ಬೆಳದದ ಅಂತ ಇದರಾಗ ಬರದಾರಂತ. ನೀವು ಲ್ಯಾಬಿನವ್ರು, ನೋಡ್ರಿ.”

ಲಾಲ ಅಹ್ಮದನಿಗೆ ಇಂಗ್ಲಿಷು ಬಾರದು. ಆದರೆ ಮಂದಿಯ ಮುಖ ಗುರುತು ಹಿಡಿದಂತೆ ಕೆಲವು ಹೆಸರುಗಳ ಆಕಾರ ಅವನಿಗೆ ಗೊತ್ತಿತ್ತು. ಮೂವತ್ತು ವರ್ಷ ತಟ್ಟೆಯ ಬೆನ್ನಿನ ಮೇಲಿಂದ ಉಜ್ಜಿ ಅಳಿಸಿದ ಹೆಸರು. ಆ ಶುಕ್ರವಾರ ಒಡೆದ ಚೂರಿನ ಮೇಲೂ ಇದ್ದ ಹೆಸರು. ಹಾವು ಹೆಡೆ ಎತ್ತಿದಂಥ ಆ ಮೊದಲ ಅಕ್ಷರ ಕಾಗದದ ಮೇಲಿಂದ ಅವನನ್ನೇ ನೋಡಿತು.

“ನನಗ ತಿಳಿಯಂಗಿಲ್ಲ ತಂಗಿ,” ಅಂದ.

ಸಂಜೆ ನೋಡಲು ಬಂದ ಮಲ್ಲೇಶ್ವರಿ ಮೇಡಮ್ಮು ದವಾಖಾನೆಯ ಪಡಸಾಲೆಯಲ್ಲಿ ಅವನನ್ನು ನಿಲ್ಲಿಸಿದರು. “ಲಾಲ ಅಹ್ಮದ, ಇದು ಎಲ್ಲಾರ ಮೈ ಮ್ಯಾಲೂ ಇರೂ ಹುಳ. ಎಲ್ಲಿಂದರ ಹೊಕ್ಕಿರಬಹುದು. ಆದ್ರ ನಮ್ಮ ಲ್ಯಾಬಿನ ಮೂಲ ಹುಳ ಫ್ರಿಜ್ಜಿನಾಗ ಅದ. ಇಲ್ಲಿ ಪಾಲನ ರಕ್ತದಾಗ ಬೆಳದದ್ದೂ ಅದ. ಎರಡರ ಡಿಎನ್ಎ ತಗದು, ಕರೆಂಟು ಕೊಟ್ಟು, ಮೂಡಿದ ಗೀಟಿಗೆ ಗೀಟು ಕೂಡಿ ಎರಡೂ ಒಂದೇ ಹುಳ ಏನು ಅಂತ ನೋಡಬಹುದು. ಏನರ ತಪ್ಪಾಗಿತ್ತೇನು?”

“ಇಲ್ರಿ ಮೇಡಮ್ಮಾ. ನಮ್ಮಲ್ಲಿ ಎಲ್ಲಾ ಕುದಿಸೇ ತೊಳೀತೇವ್ರಿ.”

ಮೇಡಮ್ಮು ಅದನ್ನು ನಂಬಿದರು. ಗೀಟು ನೋಡುವ ಮಾತು ಅಲ್ಲಿಗೇ ನಿಂತಿತು.

* * *

ಪಾಸ್ಟರ ಸಾಹೇಬರು ಬಂದರು. ಅವರೂ ಸುಣ್ಣದ ಗೆರೆಯ ಆಚೆಯೇ ನಿಂತು ಪುಸ್ತಕ ತೆರೆದರು.

“ಮುಚ್ಚಿಬಿಡೋದು ವಾಸಿ,” ಅಂದರು ನೆಲ ನೋಡುತ್ತಾ. “ದೇವ್ರು ಮುಖ ನೋಡ್ತಾನಮ್ಮಾ.”

“ದೇವ್ರಿಗಿ ಮುಚ್ಚಳ ತಗೀಬೇಕಾಗಿಲ್ರಿ. ನನಗ ತಗೀಬೇಕು,” ಎಂದಳು ನವೊಮಿ.

ಮಾಸ್ತರರು ಮತ್ತೆ ಮೊಳೆ ಹಿಡಿದರು. ಇಬ್ಬರು ಹೆಂಗಸರು ದೂರದಿಂದಲೇ, “ಬಾ ನವೊಮೀ, ಏಳು,” ಎಂದು ಕರೆದರು. ಹತ್ತಿರ ಬಂದು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ನವೊಮಿ ಎಲ್ಲರ ಮುಖ ನೋಡಿದಳು. ಅವಳ ಕೈ ಮುಚ್ಚಳದ ಮೇಲೆ ಸಡಿಲವಾಯಿತು. ಮೊಳೆಯ ಮೊನೆ ಕಟ್ಟಿಗೆಗೆ ಊರಿತು.

“ಹಾರಂಗಿಲ್ರಿ,” ಎಂದ ಲಾಲ ಅಹ್ಮದ.

ತನ್ನ ದನಿ ತನಗೇ ಬೇರೆಯವರದೆನಿಸಿತು. ಅವನು ಗೆರೆ ದಾಟಿ ಬಂದ. “ಮಾಸ್ತರ್ರ, ಅದು ಹಾರೂ ಹುಳ ಅಲ್ರಿ. ನೋಡಿದ್ರ ಬರಂಗಿಲ್ಲ. ಗಾಯ ಇಲ್ಲದ ಕೈಲೇ ಮುಟ್ಟಿ, ಸಾಬೂನ ಹಚ್ಚಿ ತೊಳಕೊಂಡ್ರ ಏನೂ ಆಗಂಗಿಲ್ಲ.”

“ಮತ್ತ ಇವಗ ಹ್ಯಾಂಗ ಬಂತು?”

“ಗಾಯದಾಗಿಂದ ಹೋಗ್ಯಾದ್ರಿ.”

“ಗಾಯದಾಗ ಎಲ್ಲಿಂದ ಬಂತು?”

ಲಾಲ ಅಹ್ಮದ ಪೆಟ್ಟಿಗೆಯ ಮೇಲಿಂದ ಕಣ್ಣೆತ್ತಿ ನವೊಮಿಯ ಕಡೆ ತಿರುಗಿದ.

“ನನ್ನಿಂದ್ರಿ. ಗಲ್ತಿ ನನ್ನದು. ಕುದಿಸಲಾರದ ತಟ್ಟಿ ‘ಸತ್ತಾವ’ ಅಂತ ಹೇಳಿ ಅವನ ಕೈಗಿ ಕೊಟ್ಟೆ. ಹಳಿ ಪಟ್ಟಿ ಕಿತ್ತಿದ್ದಿಲ್ಲ, ಕರಿ ಗೀಟು ನೋಡಿ ಮೋಸ ಹೋದೆ. ಆಮ್ಯಾಲ ತಿಳೀತು. ಅದೇ ದಿನಾ ತಿಳೀತು.”

“ಅದೇ ದಿನಾ?” ಗಿಡದ ಬುಡದಿಂದ ಫಕ್ರೋದ್ದೀನ ಎದ್ದು ನಿಂತ. “ಒಂಬತ್ತು ದಿನ ಬಾಯಾಗ ಏನು ತುಂಬಕೊಂಡಿದ್ದಿ ಮಿಯಾ?”

ಮಾಸ್ತರರ ಕೈಯ ಸುತ್ತಿಗೆ ಮೆಲ್ಲಗೆ ಮೇಲೇರುತ್ತಿದ್ದದ್ದು ಕಂಡಿತು. ಲಾಲ ಅಹ್ಮದ ಕಣ್ಣು ಮುಚ್ಚಲಿಲ್ಲ, ಹಿಂದೆಯೂ ಸರಿಯಲಿಲ್ಲ. ಪಾಸ್ಟರ ಸಾಹೇಬರು ಓಡಿಬಂದು ಮಾಸ್ತರರ ರಟ್ಟೆ ಹಿಡಿದರು. ಗೆರೆ ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ.

“ಬಿಡ್ರಿ,” ಎಂದಳು ನವೊಮಿ. ಎದ್ದು ನಿಂತಳು. “ಕೈ ತೋರಸ್ರಿ ಭಾಯಿ.”

ಅವನು ಎರಡೂ ಕೈ ಚಾಚಿದ. ಅವಳು ಒಂದೊಂದೇ ಬೆರಳನ್ನು ಬಿಡಿಸಿ, ಬುಡದಿಂದ ತುದಿಯ ತನಕ, ತಿರುಗಿಸಿ ತಿರುಗಿಸಿ ನೋಡಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ.

“ಒಂದೂ ಗಾಯ ಇಲ್ಲ,” ಎಂದಳು.

ಆಮೇಲೆ ಒಂದೇ ಕೈಯಿಂದ ಮುಚ್ಚಳ ಸರಿಸಿದಳು. ಪಾಲನ ಮುಖ ಬಿಸಿಲಿಗೆ ಬಂತು. ಲಾಲ ಅಹ್ಮದನ ಬಲಗೈ ಎಳೆದು ಗಂಡನ ಹಣೆಯ ಮೇಲೆ ಇಟ್ಟು, ಅದರ ಮೇಲೆ ತನ್ನ ಕೈ ಒತ್ತಿದಳು. ಹಣೆ ಹಳ್ಳದ ಕಲ್ಲಿನ ಹಾಗೆ ತಣ್ಣಗಿತ್ತು.

“ಈಗ ಬರ್ರಿ ಎಲ್ಲಾರೂ. ಲ್ಯಾಬಿನವ್ರೇ ಮುಟ್ಯಾರ.”

ಮೊದಲು ಫಕ್ರೋದ್ದೀನ ಬಂದ. ಆಮೇಲೆ ಹೆಂಗಸರು, ಒಬ್ಬರ ಸೆರಗು ಒಬ್ಬರು ಹಿಡಿದು. ಕಡೆಗೆ ಮಾಸ್ತರರೂ ಸುತ್ತಿಗೆ ಕೆಳಗಿಟ್ಟು ಸಾಲಿಗೆ ನಿಂತರು. ಪಾಸ್ಟರ ಸಾಹೇಬರು ಹಾಡು ಎತ್ತಿದರು. ಸಾಲು ಓಣಿಯ ತಿರುವಿನ ತನಕ ಬೆಳೆಯಿತು.

ನವೊಮಿ ಕೈ ತೆಗೆಯಲಿಲ್ಲ. ಒಬ್ಬೊಬ್ಬರು ಬಾಗಿ ಮುಖ ನೋಡಿ ಹೋದಂತೆ ಅವಳ ಉಗುರು ಲಾಲ ಅಹ್ಮದನ ಕೈಯ ಬೆನ್ನಿನಲ್ಲಿ ಒಳಗೊಳಗೆ ಇಳಿಯುತ್ತಿದ್ದವು. ಹೆಬ್ಬೆರಳಿನ ಪಕ್ಕ ಚರ್ಮ ಹರಿದು ಸಣ್ಣ ಕೆಂಪು ಹನಿ ಎದ್ದಿತು. ಹನಿ ಬೆರಳ ಸಂದಿಗೆ ಜಾರಿ, ಪಾಲನ ಹಣೆಯ ಕಡೆ ಹರಿಯತೊಡಗಿತು. ಲಾಲ ಅಹ್ಮದ ಅದನ್ನು ನೋಡಿದ; ಇನ್ನು ಅದು ಗಾಯ ಇಲ್ಲದ ಕೈ ಅಲ್ಲ. ಸಾಲಿನಲ್ಲಿ ಇನ್ನೂ ನಲವತ್ತು ಮಂದಿ ಇದ್ದರು. ಅವನು ಕೈ ಅಲುಗಿಸಲಿಲ್ಲ.