ವೆಂಗ್ ಶಾನ್‌ಹೆ ಯಾರು?

ಚೀನಾದ ಚಾಂಗ್ಲೆಯಲ್ಲಿ ನೋಟರಿ ಕಚೇರಿಯ ಎದುರು ನನ್ನದೊಂದು ಸಣ್ಣ ಅಂಗಡಿ. ಅಮೆರಿಕಕ್ಕೆ ಹೊರಟವರ ವೀಸಾ ಅರ್ಜಿ ತುಂಬಿಕೊಡುವುದು ಕೆಲಸ. ಹಿಂದೊಮ್ಮೆ, ದುಡ್ಡು ಕೊಟ್ಟು ಇನ್ನೊಬ್ಬರ ಹೆಸರು ಕೊಂಡಿದ್ದವನ ಅರ್ಜಿ ತುಂಬಿದ್ದಕ್ಕೆ ಪೊಲೀಸರು ನನ್ನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದ್ದರು. ಅಂದಿನಿಂದ ನಾನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ.

ಮಂಗಳವಾರ ಬೆಳಿಗ್ಗೆ ಬಂದವನು ವೆಂಗ್ ಟಿಂಗ್‌ರುಯ್. ವಯಸ್ಸು ಐವತ್ತೊಂದು, ಸಿಗಡಿ ಕೊಳದಲ್ಲಿ ಕೆಲಸ. ನ್ಯೂಯಾರ್ಕಿನಲ್ಲಿರುವ ಅಣ್ಣ ಇವನನ್ನು ಕರೆಸಿಕೊಳ್ಳಲು ಹದಿಮೂರು ವರ್ಷದ ಹಿಂದೆ ಹಾಕಿದ್ದ ಅರ್ಜಿಗೆ ಈಗ ಸರದಿ ಬಂದಿತ್ತು. ಗುರುತಿನ ಚೀಟಿ ನೋಡಿ ಹೆಸರು ಬರೆದೆ. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ.

“ಬೇರೆ ಹೆಸರು ಏನಾದ್ರೂ ಇದ್ಯಾ?”

“ಇಲ್ಲ.” ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

“ಚಿಕ್ಕಂದಿನಲ್ಲಿ? ಮದುವೇಲಿ?”

“ಇಲ್ಲ ಅಂದ್ನಲ್ಲಕ್ಕ. ನಿಮಗ್ಯಾಕೆ ಅದೆಲ್ಲ? ಯಾರಿಗೆ ಮಾರ್ತೀರಿ?”

ಅಣ್ಣನ ಅರ್ಜಿಯ ನಕಲು ಕೇಳಿದೆ. ಹಿಂದೆಮುಂದೆ ನೋಡಿ ಕೊಟ್ಟ. ತಮ್ಮನ ಹೆಸರಿನ ಜಾಗದಲ್ಲಿ ‘ವೆಂಗ್ ಶಾನ್‌ಹೆ’ ಎಂದಿತ್ತು. ಹುಟ್ಟಿದ ದಿನಾಂಕ ಮಾತ್ರ ಇವನದೇ.

“ಈ ಶಾನ್‌ಹೆ ಯಾರು?”

“ನಾನೇ.”

“ಈಗ ತಾನೆ ಬೇರೆ ಹೆಸರಿಲ್ಲ ಅಂದ್ರಿ.”

ಅವನು ಕತ್ತಿನ ಬೆವರು ಒರೆಸಿಕೊಂಡ. “ಎರಡು ಹೆಸರು ಅಂದ್ರೆ ಕಳ್ಳ ಅನ್ನಲ್ವಾ ಅವರು? ಮದುವೆ ದಿನ ವಂಶದ ಹೆಸರು ಕೊಡ್ತಾರಲ್ಲ, ಅದು. ನನ್ನ ಹೆಂಡ್ತಿಗೂ ಮರೆತುಹೋಗಿದೆ. ಅಣ್ಣ ಮಹಾನುಭಾವ ಅದನ್ನೇ ಬರೆದಿದ್ದಾನೆ. ಸರ್ಕಾರಕ್ಕೆ ಕೊಡೋ ಕಾಗದ, ದಿನಾ ಕರೆಯೋ ಹೆಸರು ಹಾಕಿದ್ರೆ ಹಗುರ ಅನ್ನಿಸಿರ್ಬೇಕು.”

ನಮ್ಮ ಕಡೆ ಹೀಗೂ ಆಗುತ್ತದೆ. ಆದರೆ ಹೆಸರು ಕೊಂಡಿದ್ದವನೂ ನನಗೆ ಇಷ್ಟೇ ಸರಾಗವಾಗಿ ಕಥೆ ಹೇಳಿದ್ದ. ಶಾನ್‌ಹೆ ಎಂಬ ಇನ್ನೊಬ್ಬ ತಮ್ಮ ಸತ್ತಿದ್ದು, ಇವನು ಅವನ ಜಾಗಕ್ಕೆ ಬಂದಿದ್ದರೆ?

“ಆ ಹೆಸರು ಬರೆದಿಟ್ಟಿರೋ ವಂಶದ ಪುಸ್ತಕ ತೋರ್ಸಿ. ನಾನೇ ಬಂದು ನೋಡ್ತೀನಿ.”

“ಪೊಲೀಸ್ನೋರಾ ನೀವು?”

“ಅವರು ಬಂದ್ರೆ ಇಷ್ಟು ಮರ್ಯಾದೆಯಾಗಿ ಕೇಳಲ್ಲ.”

ಅವನ ಸ್ಕೂಟರಿನ ಹಿಂದೆ ಕೂತು ಅವರೂರಿಗೆ ಹೋದೆ. ವಂಶದ ಮಂದಿರದಲ್ಲಿ ಪುಸ್ತಕವಿಟ್ಟ ಪೆಟ್ಟಿಗೆಯ ಬೀಗದ ಕೈ ಯಿಕುನ್ ಎಂಬ ಮುದುಕನ ಸೊಂಟದಲ್ಲಿತ್ತು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಹೋದ ತಿಂಗಳು ಇಬ್ಬರು ಬಂದು, ಯಾರೂ ಬಳಸದ ಹೆಸರಿದ್ರೆ ಕೊಡಿ ತಾತ ಅಂದ್ರು. ಕೋಲು ತಗೊಂಡೆ. ನೀನು ಯಾರಮ್ಮ? ನಿನ್ನ ಚೀಟಿ ತೋರ್ಸು.”

ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಟಿಂಗ್‌ರುಯ್ ಮೊದಲ ಬಾರಿಗೆ ನಕ್ಕ.

ಊದುಬತ್ತಿ ಹಚ್ಚಿದ ಮೇಲೆ ಪುಸ್ತಕ ಹೊರಬಂತು. ಟಿಂಗ್‌ರುಯ್ ತಂದೆಯ ಹೆಸರಿನ ಕೆಳಗೆ ಇದ್ದದ್ದು ಎರಡೇ ಗಂಡುಮಕ್ಕಳು. ಎರಡನೆಯವನು ಶಾನ್‌ಹೆ, ಮನೆಯಲ್ಲಿ ಕರೆಯುವುದು ಟಿಂಗ್‌ರುಯ್, ಹೆಂಡತಿ ಯಾವ ಊರಿನ ಯಾರ ಮಗಳು ಎಂಬುದೂ ಇತ್ತು. ಹುಟ್ಟಿದ ದಿನವನ್ನು ಹಳೆಯ ಪಂಚಾಂಗದಿಂದ ಲೆಕ್ಕ ಹಾಕಿ ನೋಡಿದೆ. ಸರಿಹೊಂದಿತು. ಶಾಯಿಯೂ ಹಳೆಯದೇ.

“ಈಗಲಾದ್ರೂ ನಂಬಿದ್ರಾ?”

“ನಾನು ನಂಬಿದ್ರೆ ಏನು ಬಂತು? ಬೇರೆ ಹೆಸರಿಲ್ಲ ಅಂತ ನೀವು ಬರೆಸಿದ್ರೆ ಅದು ಸುಳ್ಳು. ಸುಳ್ಳು ಹೇಳಿದ ಅಂತ ಒಂದ್ಸಲ ದಾಖಲಾದ್ರೆ ಅಮೆರಿಕದ ಬಾಗಿಲು ಮತ್ತೆ ತೆಗೆಯೋದು ಕಷ್ಟ.”

ಅವನು ಪುಟದಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟ. “ಬರೀರಿ,” ಎಂದ. “ಎರಡೂ ಬರೀರಿ. ಕಳ್ಳ ಅಂದ್ರೆ ಈ ಪುಟ ತೋರಿಸ್ತೀನಿ.”

ಮಂದಿರದ ಮೆಟ್ಟಿಲ ಮೇಲೇ ಕೂತು ಅರ್ಜಿ ತಿದ್ದಿದೆ. ಪುಟದ ನಕಲಿಗೆ ನೋಟರಿ ಮುದ್ರೆ ಹಾಕಿಸಬೇಕೆಂದು ಗುರುತು ಮಾಡಿಕೊಂಡೆ.

“ಅಣ್ಣಂಗೆ ಫೋನ್ ಮಾಡಿ ಚೆನ್ನಾಗಿ ಬೈತೀನಿ,” ಎಂದ ಟಿಂಗ್‌ರುಯ್, ಹಗುರಾಗಿ.

“ಬೈಯೋದು ಆಮೇಲೆ. ಅವರಿಗೂ ಮದುವೇಲಿ ವಂಶದ ಹೆಸರು ಕೊಟ್ಟಿದ್ದಾರೆ, ಇದೇ ಪುಟದಲ್ಲಿದೆ. ಅವರು ಅಲ್ಲಿ ಪೌರತ್ವ ತಗೊಳ್ಳುವಾಗ ‘ಬೇರೆ ಹೆಸರು ಇದ್ಯಾ’ ಅನ್ನೋ ಪ್ರಶ್ನೆಗೆ ಏನು ಬರೆದ್ರು ಅಂತ ಮೊದಲು ಕೇಳಿ. ‘ಇಲ್ಲ’ ಅಂತ ಬರೆದಿದ್ರೆ, ಈ ಪುಟ ಅವರ ಸುಳ್ಳನ್ನೂ ತೋರಿಸುತ್ತೆ.”

ಅವನು ಫೋನನ್ನು ಜೇಬಿನಿಂದ ತೆಗೆದ. ನಂಬರು ಒತ್ತಲಿಲ್ಲ.