ಇನ್ನೊಂದು ಗೇಣು

ಅಪ್ಪನ ರಬ್ಬರ್ ಬೂಟು ಹಾಕಿಕೊಂಡು ಮಗಳು ಗುಂಡಿಗಿಳಿದಳು. ಸೊಂಟದಿಂದ ಮೇಲೆಲ್ಲ ಹೊರಗೇ ಇತ್ತು.

“ಸಾಲದು, ಅಗೀರಿ,” ಎಂದು ಹತ್ತಿ ಬಂದಳು.

ಗುಂಡಿ ಅಪ್ಪನಿಗಲ್ಲ, ಹಾಲಿನವನ ಎಮ್ಮೆಗೆ. ಅಪ್ಪನ ಹೆಣ ಇನ್ನೂ ಮನೆಯಲ್ಲೇ ಇತ್ತು. ಅಲ್ಲಿಗೆ ಬಂದ ಹಾಲಿನವನ ಹೆಂಡತಿ ಅಳುತ್ತಲೇ ಬಾಯಿಬಿಟ್ಟಿದ್ದಳು: ಬೆಳಿಗ್ಗೆ ಎಮ್ಮೆ ದಿಢೀರನೆ ಬಿದ್ದು ಸತ್ತಿದೆ, ಮೂಗಿನಲ್ಲಿ ಕಪ್ಪು ರಕ್ತ, ಗಂಡ ಚರ್ಮ ಸುಲಿಯುವವನಿಗೆ ಹೇಳಿಕಳಿಸಿದ್ದಾನೆ. ಮಗಳಿಗೆ ತಿಳಿದುಹೋಯಿತು: ಆಂಥ್ರಾಕ್ಸ್! ಸುಲಿದವನೂ ಉಳಿಯುವುದಿಲ್ಲ, ತಿಂದವನೂ ಉಳಿಯುವುದಿಲ್ಲ. ಮಗಳು ಕಣ್ಣೊರೆಸಿಕೊಂಡು ಎದ್ದೇಬಿಟ್ಟಳು. ಹೆಣ ಹೊರಲು ಬಂದ ನಾಲ್ವರ ಕೈಗೂ ಗುದ್ದಲಿ ಕೊಟ್ಟು ಎಳೆತಂದಳು. ಹುಲಿಯ ಹೊಟ್ಟೆಯಲ್ಲಿ ಇಲಿ ಹುಟ್ಟೀತೇ!

ಚಿಕ್ಕಪ್ಪ ಏದುಸಿರು ಬಿಡುತ್ತ ಬಂದರು. “ತಲೆಗಿಲೆ ಕೆಟ್ಟಿದೆಯೇನೇ ನಿನಗೆ? ಅಲ್ಲಿ ಹೆತ್ತಪ್ಪ ಕಾಯ್ತಾ ಇದ್ದಾನೆ!”

“ಅಪ್ಪ ಕಾಯ್ತಾರೆ ಚಿಕ್ಕಪ್ಪ. ಈ ರೋಗ ಕಾಯಲ್ಲ.”

“ಗುಂಡಿ ಮೇಷ್ಟ್ರು ಹೋದ್ರು, ಪೀಡೆ ತೊಲಗ್ತು ಅಂದ್ಕೊಂಡೆ,” ಅಪ್ಪನಿಗೆ ಊರಿಟ್ಟ ಅಡ್ಡಹೆಸರು ಹಿಡಿದು ಹಾಲಿನವನು ಗೊಣಗಿದ. “ಮೂರಡಿ ಸಾಲದಾ?”

*

ಮೂರಡಿ ಸಾಕೆಂದು ಅಪ್ಪನೂ ಒಮ್ಮೆ ಒಪ್ಪಿದ್ದರು. ಪಶು ಆಸ್ಪತ್ರೆಗೆ ಅಟೆಂಡರ್ ಆಗಿ ಸೇರಿದ ಹೊಸತು. ಅಗೆಯುವವರು ಸುಸ್ತಾಗಿದ್ದರು, ಪಾಪ ಅನ್ನಿಸಿತ್ತು. ವಾರದಲ್ಲಿ ನಾಯಿಗಳು ಗುಂಡಿ ಕೆದರಿದವು. ಅಲ್ಲಿ ಮೇಯ್ದ ಕುರಿಗಳು ಸತ್ತವು. ಆ ಕುರಿ ಕುಯ್ದ ಗೆಳೆಯನೂ ಸತ್ತ. ಅಂದಿನಿಂದ ಅಪ್ಪ ಅಡಿಯ ಲೆಕ್ಕವನ್ನೇ ನಂಬಲಿಲ್ಲ. ತಾವೇ ಇಳಿದು ನಿಲ್ಲುತ್ತಿದ್ದರು.

“ನನ್ನ ತಲೆ ಕಾಣ್ತಿದೆಯಾ?”

“ಕಾಣ್ತಿದೆ.”

“ಹಾಗಾದ್ರೆ ಮಾತು ಬೇಡ, ಅಗೀರಿ.”

ಒಮ್ಮೆ ಇದೇ ಹಾಲಿನವನು ಸಿಟ್ಟಿಗೆದ್ದು ಮೇಲಿನಿಂದ ಮಣ್ಣು ಸುರಿದಿದ್ದ. ಅಪ್ಪ ತಲೆ ಕೊಡವಿಕೊಂಡು, “ಇದನ್ನೂ ನೀನೇ ಎತ್ತಬೇಕು ಕಣಪ್ಪ,” ಎಂದು ಅಲ್ಲೇ ಕೂತುಬಿಟ್ಟಿದ್ದರು.

*

ಮಧ್ಯಾಹ್ನ ಮಗಳು ಮತ್ತೆ ಇಳಿದಾಗ ತಲೆ ಮುಳುಗಿತು.

“ಆಯ್ತಲ್ಲ ತಾಯಿ, ಹತ್ತಿ ಬಾ,” ಎಂದ ಹಾಲಿನವನು.

“ಅಪ್ಪ ನನಗಿಂತ ಒಂದು ಗೇಣು ಎತ್ತರ.” ಅವಳು ನೆತ್ತಿಯ ಮೇಲೆ ಗೇಣು ಹಿಡಿದಳು. “ಈಗ ಹೇಳಿ, ಏನು ಕಾಣ್ತಿದೆ?”

ಅಂಚಿನಿಂದ ಮೇಲೆ ನಾಲ್ಕು ಬೆರಳು ಕಾಣುತ್ತಿದ್ದವು.

ಚಿಕ್ಕಪ್ಪ ಕೋಟು ಬಿಚ್ಚಿ ಎಸೆದು ಗುದ್ದಲಿ ಕಿತ್ತುಕೊಂಡರು. “ಅಣ್ಣನ ತಲೆ ಕಾಣ್ತಿದೆ ಕಣ್ರೋ. ಅಗೀರಿ!”

ಮತ್ತೆ ಅಗೆದರು. ಅವಳು ಮತ್ತೆ ಇಳಿದು ಕೈಯೆತ್ತಿದಳು. ಈ ಸಲ ಅಂಚಿನಲ್ಲಿ ಹುಲ್ಲು ಮಾತ್ರ ಕಂಡಿತು.

ಹಾಲಿನವನು ಬಗ್ಗಿ, ಎಮ್ಮೆಯ ಮೇಲೆ ಸುರಿಯಲು ತಂದಿಟ್ಟಿದ್ದ ಸುಣ್ಣದ ಮೂಟೆಗೆ ಹೆಗಲು ಕೊಟ್ಟ.